ಧ್ರುವದ ನೀರು, ತಿಕೋಟಾದ ಕ್ಯಾನು

ಮೇ ೨೩, ೨೦೨೪, ಗುರುವಾರ

ಬುದ್ಧ ಪೂರ್ಣಿಮಾ, ಕಾಲೇಜಿಗೆ ಸೂಟಿ. ಸೂಟಿ ಇದ್ರೂ ಬಂದು ಕುಂತೇನಿ. ಲ್ಯಾಬಿನ ಕೀಲಿ ನನ್ನ ಹತ್ರನ ಐತಿ, ನನಗ್ಯಾರ ಕೇಳತಾರ. ಪರಸವ್ವ ಇಲ್ಲ. ಅವರ ಓಣ್ಯಾಗ ಇವತ್ತ ಕಾರ್ಯಕ್ರಮ ಐತಂತ, ಅರಕೇರಿಯಿಂದ ಬರಾಂಗಿಲ್ಲ ಅಂತ ನಿನ್ನೇನ ಹೇಳಿ ಹೋಗ್ಯಾಳ. ಕಸಾ ಹೊಡಿಯೋರಿಲ್ಲ, ಚಾ ತರೋರಿಲ್ಲ. ಹೊರಗ ನಲವತ್ತೆರಡು ಡಿಗ್ರಿ ಬಿಸಿಲು.

ನನ್ನ ಮುಂದ ಇಪ್ಪತ್ನಾಕು ಕಂದು ಬಾಟ್ಲಿ. ದಕ್ಷಿಣ ಧ್ರುವದ ಸುತ್ತಿನ ಸಮುದ್ರದ ಮ್ಯಾಲಿನ ನೀರು, ಕೆಡಬಾರದಂತ ಅಯೋಡಿನ್ ಹಾಕಿ ಚಾದ ಬಣ್ಣಕ್ಕ ತಂದಿದ್ದು. ಕರಾವಳಿಯ ಸಂಶೋಧನಾ ಸಂಸ್ಥೆದಾಗ ಮುಬೀನ ಮೇಡಂ ಅಂತ ಅದಾರ. ಹಡಗದಾಗ ಹೋಗಿ ನೀರು ತರೋ ಮಂದಿ ಅವರ ಕಡೆಯವರು, ಕುಂತು ಎಣಿಸೋ ಮಂದಿ ನಮ್ಮಂಥಾ ಸಣ್ಣ ಕಾಲೇಜಿನವರು. ಮಾರ್ಚದಾಗ ಈ ಪೆಟಗಿ ಬಂದಾಗ ಕೂಸಿನಂಗ ಎತಗೊಂಡು ಮೆಟ್ಟಲಾ ಹತ್ತಿದ್ದೆ. ನಲವತ್ತಾರು ವರ್ಷದಾಗ ನಾ ಸಮುದ್ರ ಕಂಡಿದ್ದು ಎರಡ ಸಲ, ಅದೂ ದಂಡಿ ಮ್ಯಾಲೆ ನಿಂತು.

"ನೀರಾಗಿನ ಹುಳಾ ಎಣಿಸಾಕ ಇಷ್ಟ ಓದಬೇಕಾತೇನ?" ಅಂತ ನಮ್ಮನಿಯವರು ನಗತಾರ. ಸ್ಟೇಷನ್ ರಸ್ತೆದಾಗ ಅರಿವಿ ಅಂಗಡಿ ಇಟ್ಟ ಮನಿಷ್ಯಾಗ ಏನಂತ ಹೇಳ್ಲಿ. ಹುಳಾ ಅಲ್ರೀ, ಗಾಜಿನ ಚಿಪ್ಪಿನಾಗಿನ ಜೀವ. ಕಣ್ಣಿಗೆ ಕಾಣಂಗಿಲ್ಲ, ಬಿಸಲು ಕುಡದು ಬದಕತಾವ. ಆ ಸಮುದ್ರದಾಗ ಸೀಗಡಿಯಿಂದ ಹಿಡದು ತಿಮಿಂಗಿಲದತನಕ ಎಲ್ಲಾರ ಹೊಟ್ಟಿ ಇವುಗಳ ಮ್ಯಾಲೆ ನಡಿತೈತಿ.

ಇವತ್ತ ಕಪಾಟ ತೆಗದ್ರ ಏಳು, ಹನ್ನೊಂದು, ಹನ್ನೆರಡು, ಹತ್ತೊಂಬತ್ತು, ಈ ನಾಕರ ನೀರು ಗೀಟಿನ ಕೆಳಗ ಇಳದೈತಿ. ಏಪ್ರಿಲದಾಗ ತೆಗದು ನೋಡಿದಾಗ ಮುಚ್ಚಳಾ ಬಿಗಿಯಾಗಿ ತಿರುವಿಲ್ಲ. ಯಾರ ತಿರುವಿಲ್ಲ? ನಾನ. ಪಡುವಣ ಗ್ವಾಡಿ ಕಪಾಟು, ಕಾದ ಹಂಚಾಗಿರತೈತಿ. ನೀರ ಇಳದ್ರ ಕೂಡಲೇ ತಿಳಿಸಬೇಕಂತ ಮುಬೀನ ಮೇಡಂ ಕಾಗದದಾಗ ಬರದಾರ. ತಿಳಿಸಿದ್ರ ಮುಚ್ಚಳಾ ಹಾಕಾಕ ಬರದಾಕಿ ಇಕಿ ಅಂತಾರ, ಮುಂದಿನ ಪೆಟಗಿ ಬ್ಯಾರೆದವರಿಗೆ ಹೋಗತೈತಿ.

ಡಿಸ್ಟಿಲ್ಡ್ ನೀರಿನ ಕ್ಯಾನು ಬರಿದು, ಯಂತ್ರ ಕೆಟ್ಟು ತಿಂಗಳಾತು. ಮೇಜಿನ ಮ್ಯಾಲೆ ತಿಕೋಟಾದ ಕ್ಯಾನಿತ್ತು. ನನಗ ಊರಿನ ನಳದ ನೀರು ಸೇರಂಗಿಲ್ಲ, ಪ್ರತಿ ರವಿವಾರ ತಮ್ಮ ಮುತ್ತು ತವರುಮನಿ ಬಾವಿ ನೀರು ತಂದು ಕೊಡತಾನ. ಸಿಹಿ ನೀರು. ಅದನ್ನ ಎತ್ತಿ ನಾಕಕ್ಕೂ ಗೀಟಿನತನಕ ಹಾಕಿ, ಮ್ಯಾಲೆ ಎರಡ ಹನಿ ಅಯೋಡಿನ್ ಬಿಟ್ಟೆ. ಏನ್ ಮಹಾ ಆಗತೈತಿ. ಕ್ಯಾನ್ ಎತ್ತಿದ್ರ ಕೆಳಗ ದುಂಡಗ ಧೂಳು. ಸುತ್ತೆಲ್ಲಾ ಒರಸತಾಳ, ಕ್ಯಾನ್ ಎತ್ತಿ ಒರಸಂಗಿಲ್ಲ. ಮೈಗಳ್ಳಿ ಪರಸವ್ವ.

ಆಗಸ್ಟ್ ೧೩, ಮಂಗಳವಾರ

ಲಗೂ ಲಗೂ ಬರಿಯಾಕತ್ತೇನಿ. ಅಕ್ಷರ ಸೊಟ್ಟ ಬೀಳಾಕತ್ತಾವ, ಬೀಳಲಿ.

ಹನ್ನೊಂದನೇ ಬಾಟ್ಲಿ. ನಿನ್ನೆ ಹತ್ತು ಮಿಲಿ ನೀರು ಗಾಜಿನ ಕೊಳವಿಗೆ ಹಾಕಿ ಇಟ್ಟಿದ್ದೆ. ಒಂದ ದಿನ ಅಲುಗಾಡಸದಂಗ ಬಿಟ್ರ ಜೀವ ಎಲ್ಲಾ ತಳಕ್ಕ ಕೂಡತಾವ, ಆಮ್ಯಾಲ ಸೂಕ್ಷ್ಮದರ್ಶಕದಾಗ ಸಾಲು ಹಿಡದು ಎಣಿಸೂದು. ಧ್ರುವದ ಮಂದಿ ನನಗ ಈಗ ಗುರತದವರು. ಬಾಚಣಿಕಿ ಹಲ್ಲಿನಂಗ ಒಂದಕ್ಕೊಂದ ಹತ್ತಿ ಪಟ್ಟಿಯಾಗಿ ಇರೋವು, ಉದ್ದನ್ನ ಮುಳ್ಳಿನ ಸರಪಳಿಯವು, ಎರಡೂ ತುದಿಗೆ ಕಿರೀಟ ಹಾಕ್ಕೊಂಡಾವು. ಅವುಗಳ ನಡುವ ಇವತ್ತ ಒಂದು ಬ್ಯಾರೆ ಕಂಡಿತು. ಸವತಿಬೀಜದಂಥಾದು, ಒಂದ ಕಡೆ ಅಗಲ, ಒಂದ ಕಡೆ ಚೂಪು, ಮೈತುಂಬ ಸಣ್ಣ ಗೆರಿ. ಒಂದಲ್ಲ, ಹದಿನೇಳು. ಪುಸ್ತಕ ತೆಗದು ನೋಡಿದೆ, ಸಿಹಿನೀರಿನ ಜಾತಿ. ಕೆರಿ, ಹಳ್ಳದಾಗ ಇರೂದು.

ಉಪ್ಪಿನ ಸಮುದ್ರದ ನಟ್ಟನಡುವ ಸಿಹಿನೀರಿನ ಜೀವ ಎಲ್ಲಿಂದ ಬಂತು? ಹಿಮ ಕರಗಿ, ಹಿಮದ ಮ್ಯಾಲಿನ ಹೊಂಡದಾಗಿದ್ದದ್ದು ನೀರಿನ ಕೂಡ ಹರದು ಬಂದೈತಿ. ಮತ್ತಿನ್ನೆಲ್ಲಿಂದ ಬರಬೇಕು? ಇದು ಸಣ್ಣ ಮಾತಲ್ಲ!

ಪರಸವ್ವ ಚಾ ಇಟ್ಟು, "ಏನ್ ಸಿಕ್ಕತ್ರಿ ಮೇಡಂರಿ, ಒಬ್ರ ನಗಾಕತ್ತೀರಿ?" ಅಂದ್ಳು. ಬಗ್ಗಿ ನೋಡಾಕ ಬಂದ್ಳು. "ನಿನಗ ತಿಳಿಯಂಗಿಲ್ಲ, ಹೋಗು" ಅಂದೆ.

ಆಗಸ್ಟ್ ೩೧, ಶನಿವಾರ

ಏಳರಾಗ ಐತಿ. ಹನ್ನೆರಡರಾಗ ಐತಿ. ಹತ್ತೊಂಬತ್ತರಾಗೂ ಐತಿ. ಉಳಿದ ಇಪ್ಪತ್ತರಾಗ ಇಲ್ಲ, ಇಲ್ಲದ್ದೂ ಚಲೋನ ಆತು. ಎಲ್ಲಿ ಹಿಮ ಕರಗೈತೋ ಅಲ್ಲಿ ಮಾತ್ರ ಅಂತ ಅರ್ಥ.

ನಾ ಬರದು ಕಳಿಸಿದ್ದು ಓದಿ ಮುಬೀನ ಮೇಡಂ ತಾವಾಗೇ ಫೋನ್ ಮಾಡಿದ್ರು. "ಅನುರಾಧಾ, ಇದನ್ನು ಸಮ್ಮೇಳನಕ್ಕೆ ಕಳಿಸೋಣ, ಮೊದಲ ಹೆಸರು ನಿಮ್ಮದೇ" ಅಂದ್ರು. ಫೋನ್ ಇಟ್ಟು ಅತ್ತೆ. ಹೊರಗಿನವರು ನಮ್ಮ ಹೆಸರ ಮೊದಲ ಹಾಕೂದು ಅಂದ್ರ ಏನಂತ ಊರಾಗ ಯಾರಿಗೆ ಗೊತ್ತು. ಪ್ರಿನ್ಸಿಪಾಲ ಬಸಲಿಂಗಯ್ಯ ಸರ್ ಸಿಬ್ಬಂದಿ ಎಲ್ಲಾ ಕರದು ಪೇಢೆ ಹಂಚಿದ್ರು. ಪರಸವ್ವಗ ಹಂಚೂದು ಮರತಿದ್ರು. ನನ್ನ ಪಾಲಿನ ಪೇಢೆದಾಗ ಅರ್ಧಾ ಮುರದು ಕೊಟ್ಟೆ. ನಾನೇನ ಕೆಟ್ಟಾಕಿ ಅಲ್ಲ.

ಸೆಪ್ಟೆಂಬರ್ ೫, ಗುರುವಾರ

ಶಿಕ್ಷಕರ ದಿನಾಚರಣೆಗೆ ಬಬಲೇಶ್ವರದ ಒಂದು ಸಾಲಿಗೆ ಕರದಿದ್ರು. ಶಾಲು, ಹಾರ, ಹಣ್ಣಿನ ಬುಟ್ಟಿ. "ದಕ್ಷಿಣ ಧ್ರುವಕ್ಕೆ ಹೋಗಿ ಬಂದ ನಮ್ಮ ತಿಕೋಟಾದ ಮಗಳು" ಅಂತ ಮೈಕಿನಾಗ ಹೇಳಿದ್ರು. ಚಪ್ಪಾಳಿ. ಎದ್ದು ನಿಂತು, ನಾ ಹೋಗಿಲ್ರಿ, ನನ್ನ ಕಡೆ ಬಾಟ್ಲಿ ಬಂದಾವ ಅಂತ ಒಂದ ಮಾತ ಹೇಳಿದ್ರ ಆಗತಿತ್ತು. ಬಾಯಿ ತೆಗೀಲಿಲ್ಲ. ಎಲ್ಲಾರ ಮುಂದ ಅವರನ್ನ ತಿದ್ದೂದು ಚಂದ ಕಾಣಂಗಿಲ್ಲ ಅಂತ ನನಗ ನಾನ ಹೇಳಿಕೊಂಡೆ.

ಎರಡ ಜಡಿ ಹಾಕ್ಕೊಂಡ ಒಬ್ಬ ಹುಡುಗಿ ಎದ್ದು ಕೇಳಿತು, "ಟೀಚರ್, ಅಲ್ಲಿ ಥಂಡಿ ಎಷ್ಟಿತ್ರಿ?"

"ಭಾಳ ಇತ್ತವ್ವಾ" ಅಂದೆ.

ಬಸ್ಸಿನಾಗ ಬರತ ಬರತ ಮಾರಿ ಬಿಸಿ ಆತು. ಕಿಡಕಿ ತೆಗದೆ, ಆದ್ರೂ ಆರಲಿಲ್ಲ. ಆ ಹುಡುಗಿ ನನ್ನ ಮಾತ ನೋಟ್‌ಬುಕ್ಕಿನಾಗ ಬರಕೊಂಡಿತು.

ಅಕ್ಟೋಬರ್ ೯, ಬುಧವಾರ

ಮುಬೀನ ಮೇಡಂ ಕಡಿಂದ ಮೇಲ್. ಪ್ರತಿ ಜಾಗಾದ ನೀರಿಂದೂ ಒಂದ ಜೋಡಿ ಬಾಟ್ಲಿ ಅವರ ಹತ್ರ ಇರತೈತಿ. ಸಮ್ಮೇಳನಕ್ಕ ಮೊದಲ ಒಮ್ಮೆ ಖಾತ್ರಿ ಮಾಡಿಕೊಳ್ಳೂನಂತ ಏಳು, ಹನ್ನೊಂದು, ಹನ್ನೆರಡು, ಹತ್ತೊಂಬತ್ತರ ಜೋಡಿ ತೆಗದು ಎಣಿಸ್ಯಾರ. ಸವತಿಬೀಜ ಒಂದೂ ಇಲ್ಲ. ಈ ನಾಕು ಜಾಗಾ ಒಂದಕ್ಕೊಂದ ನೂರಾರು ಮೈಲಿ ದೂರ, ಹಿಮದ ದಂಡಿಗೂ ಹತ್ತಿರ ಇಲ್ಲ. ಕಡೀ ಸಾಲು ಬಾಯಿಪಾಠ ಆಗೈತಿ: "ನಿಮ್ಮಲ್ಲಿ ಈ ನಾಲ್ಕಕ್ಕೆ ಏನಾದರೂ ಸೇರಿಸಲಾಗಿದೆಯೇ? ಇದ್ದದ್ದು ಇದ್ದಂತೆ ತಿಳಿಸಿ."

ಮೇ ತಿಂಗಳು ನೆನಪಾತು. ನೆನಪಾತು ಅಂತ ಬರದ್ರ ಇಷ್ಟದಿನ ಮರತಿದ್ದೆ ಅಂತ ಆಗತೈತಿ. ಮರತಿದ್ನೋ, ಮರಿಯಾಕ ಬಿಟ್ಟಿದ್ನೋ, ನನಗೂ ತಿಳೀವಲ್ದು.

ಈ ಡೈರಿದಾಗ ಆ ಪುಟ ಐತಿ. ತೆಗದು ನೋಡಲಿಲ್ಲ. ಮುಂದಿನ ಪುಟದ ಕೂಡ ಸೇರಿಸಿ ಸ್ಟೇಪಲ್ ಪಿನ್ ಹೊಡದೆ. ಮೂರ ಪಿನ್.

ಅಕ್ಟೋಬರ್ ೧೦, ಗುರುವಾರ

ಬರಿಯಾಕ ಮನಸಿಲ್ಲ. ಬರೀಲಿಲ್ಲಂದ್ರ ಕೂಡಾಕ ಆಗವಲ್ದು.

ಮುಬೀನ ಮೇಡಂ ಮೇಲ್‌ನ ಪ್ರತಿ ಬಸಲಿಂಗಯ್ಯ ಸರ್‌ಗೂ ಹೋಗಿತ್ತಂತ. ಆಫೀಸಿಗೆ ಕರಸಿದ್ರು. ಇಬ್ಬರು ಕ್ಲಾರ್ಕ್ ಅಲ್ಲೇ ಕುಂತಿದ್ರು. "ಏನ್ರಿ ಮೇಡಂ ಇದು? ಪೇಪರಿನಾಗೆಲ್ಲಾ ಹಾಕಿಸೀನಿ. ಯಾರ ಹಾಕ್ಯಾರ ನೀರು?" ಅಂದ್ರು.

"ಪರಸವ್ವ ಹಾಕಿರಬೇಕ್ರಿ ಸರ್" ಅಂದೆ. "ಡಿಸ್ಟಿಲ್ಡ್ ಕ್ಯಾನಿಗೆ ಎಲ್ಲಿದರ ಹೊಲಸ ನೀರು ತುಂಬಿಟ್ಟಿರಬೇಕು. ಅಕಿಗೇನ ತಿಳಿತೈತಿ."

ಮೊದಲ ಠರಾಯಿಸಿ ಹೋಗಿದ್ದ ಮಾತಲ್ಲ ಇದು, ದೇವರಾಣಿ. ಬಾಯಾಗ ಸಿದ್ಧ ಇದ್ದಂಗ ಬಂದುಬಿಟ್ಟಿತು. ನಾಲಿಗಿ ತಡವರಿಸಲೂ ಇಲ್ಲ.

ಪರಸವ್ವನ ಕರಸಿದ್ರು. ಕೈಯಾಗ ಒರಸೋ ಅರಿವಿ ಹಿಡಕೊಂಡೇ ಬಂದ್ಳು, ಬಾಗಲದಾಗ ನಿಂತ್ಳು. ಅರವತ್ತಕ್ಕ ಎರಡ ಕಡಿಮಿ ಅಕಿಗೆ.

"ನೀ ತುಂಬೀಯೇನ ನೀರು?"

"ಇಲ್ರಿ ಸರ್."

"ಮತ್ಯಾರ ತುಂಬ್ಯಾರ?"

ಪರಸವ್ವ ನನ್ನ ಕಡೆ ನೋಡಿದ್ಳು. ಭಾಳ ಹೊತ್ತೇನಿಲ್ಲ. ನಾ ಮೇಜಿನ ಮ್ಯಾಲಿನ ಕ್ಯಾಲೆಂಡರ್ ನೋಡಾಕತ್ತೆ. "ನನಗ ಗೊತ್ತಿಲ್ರಿ" ಅಂದ್ಳು.

"ನಾಳಿಂದ ಲ್ಯಾಬಿಗೆ ಹೋಗಬ್ಯಾಡ. ಸಂಡಾಸದ ಕೆಲಸಾ ನೋಡಿಕೋ. ಅಲ್ಲಿ ನೀರು ಹೆಂಗಿದ್ರೂ ನಡಿತೈತಿ" ಅಂದ್ರು ಸರ್. ಕ್ಲಾರ್ಕ್ ನಕ್ರು. ನಾ ನಗಲಿಲ್ಲ. ತುಟಿ ಅಲುಗಿದ್ವು, ಅದು ನಗಿ ಅಲ್ಲ.

ಮುಬೀನ ಮೇಡಂಗ "ಸಹಾಯಕಿಯ ತಪ್ಪಿನಿಂದ" ಅಂತ ಉತ್ತರಾ ಬರದು ಕಳಿಸಿದೆ. ಸಮ್ಮೇಳನದಿಂದ ಹೆಸರು ಹಿಂದಕ್ಕ ತಗೊಂಡಾತು. ಆದ್ರ "ಬೇಸರ ಬೇಡ, ಇಂಥವು ಆಗುತ್ತವೆ, ಮುಂದಿನ ಸಲ ನೋಡೋಣ" ಅಂತ ಬರದಾರ. ಉಳಕೊಂಡೆ.

ಅಕ್ಟೋಬರ್ ೧೧, ಶುಕ್ರವಾರ

ಖಂಡೇ ಪೂಜಿ. ಸೂಕ್ಷ್ಮದರ್ಶಕಕ್ಕ ಕುಂಕುಮ ಹಚ್ಚಿ ಹೂವು ಏರಿಸಿದೆ. ಪ್ರತಿ ವರ್ಷ ಹಿಂದಿನ ದಿನಾನ ಪರಸವ್ವ ಮೆತ್ತನ್ನ ಅರಿವಿಲೆ ಒರಸಿ ಮಿಂಚಿಸಿ ಇಡತಿದ್ಳು. ಈ ಸಲ ಮಸೂರದ ಮ್ಯಾಲೆ ಬೆರಳಿನ ಗುರ್ತು ಹಂಗೇ ಇತ್ತು.

ಅಕ್ಟೋಬರ್ ೧೬, ಬುಧವಾರ

ದಸರಾ ಮುಗದು ನಾಕ ದಿನ ಆದ್ರೂ ಕಾಲೇಜಿನಾಗ ಬನ್ನಿ ಕೊಡೂದು ನಡದಿತ್ತು. ಮನಿಂದ ಒಂದ ಮುಷ್ಟಿ ಬನ್ನಿ ಒಯ್ದಿದ್ದೆ. ವರ್ಷದ ಜಗಳಾ ಮುನಿಸು ಎಲ್ಲಾ ಬನ್ನಿ ಕೊಟ್ರ ಮುಗೀತಂತ ನಮ್ಮ ಕಡೆ. ಬಾಯಿ ಬಿಟ್ಟು ಏನೂ ಹೇಳಬೇಕಿಲ್ಲ. ಇದು ಸಸಾರ ಹಾದಿ ಅಂತ ನನಗ ಮೊದಲ ಯಾಕ ಹೊಳೀಲಿಲ್ಲೋ ಅಂದಕೊಂಡು ಸಂಡಾಸದ ಕಡೆ ಹೋದೆ.

ಪರಸವ್ವ ಸೀರಿ ನೆರಿಗಿ ಮ್ಯಾಲೆ ಸಿಗಿಸಿ ನೆಲಾ ತಿಕ್ಕಾಕತ್ತಿದ್ಳು. ಫಿನಾಯಿಲ್ ಘಾಟಿಗೆ ನನಗ ಕೆಮ್ಮ ಬಂತು.

"ಬನ್ನಿ ತಗೋ ಪರಸವ್ವ. ಬಂಗಾರದಂಗ ಇರೂನು" ಅಂದೆ.

ಎದ್ದು ನಿಂತ್ಳು. ಎರಡೂ ಕೈ ಹಿಂದಕ್ಕ ತಗೊಂಡ್ಳು. "ನನ್ನ ಕೈ ಹೊಲಸ ಅದಾವ್ರಿ ಮೇಡಂರಿ. ಅಲ್ಲಿ ಕಟ್ಟಿ ಮ್ಯಾಲೆ ಇಡ್ರಿ" ಅಂದ್ಳು. ಸಿಟ್ಟಿಲ್ಲ, ವ್ಯಂಗ್ಯ ಇಲ್ಲ. ಕೂಡ ಕೆಲಸಾ ಮಾಡೋರಿಗೆ ಹೇಳಿದಂಗ ಹೇಳಿದ್ಳು.

ಕಟ್ಟಿ ಮ್ಯಾಲೆ ಇಟ್ಟು ಬಂದೆ. ಸಂಜಿಕ ನೋಡಿದ್ರ ಎಲಿ ಅಲ್ಲೇ ಇದ್ವು, ಒಣಗಿದ್ವು. ಹೊಲಸ ಅನ್ನೋ ಆ ಮಾತ ನಾ ಆಫೀಸಿನಾಗ ಆಡಿದಾಗ ಅಕಿ ಬಾಗಲದ ಹೊರಗ ಇದ್ಳೋ ಏನೋ.

ಅಕ್ಟೋಬರ್ ೨೭, ರವಿವಾರ

ತಿಕೋಟಾಕ್ಕ ಹೋಗಿದ್ದೆ. ಅವ್ವ ಓಣಿ ಮಂದಿಗೆಲ್ಲಾ ನನ್ನ ಶಾಲಿನ ಫೋಟೋ ತೋರಸ್ಯಾಳ. ಹೆಸರು ಹಿಂದಕ್ಕ ತಗೊಂಡಿದ್ದು ಹೇಳಿದೆ, ಕೆಲಸದಾಕಿ ನೀರು ಹಾಕಿದ್ಳು ಅಂತ ಅಕಿಗೂ ಹೇಳಿದೆ. ಸುಳ್ಳು ಎಷ್ಟ ಸಲೀಸಾಗಿ ಎರಡನೇ ಸಲ ಬರತೈತಿ!

"ಅಕಿ ಅಂದ್ರ? ಯಾರ ಪೈಕಿ ಅಕಿ?" ಅಂದ್ಳು ಅವ್ವ. ಹೇಳಿದೆ. ಅವ್ವ ಸೊಂಟದ ಮ್ಯಾಲೆ ಕೈ ಇಟ್ಟು, "ಯವ್ವಾ, ನಾವ ಕಳಿಸೋ ನೀರಿನ ಕ್ಯಾನು ಮುಟ್ಟತಾಳೇನ ಅಕಿ?" ಅಂದ್ಳು.

"ಇಲ್ಲ ಬೇ. ಮುಟ್ಟಂಗಿಲ್ಲ."

ಎಷ್ಟ ಲಗೂನ ಅಂದೆ! ಅಂದಮ್ಯಾಲೆ ನಾಲಿಗಿ ಕಚ್ಚಿಕೊಂಡೆ. ಅವ್ವ ಸಮಾಧಾನ ಆಗಿ ರೊಟ್ಟಿ ಬಡಿಯಾಕ ಕುಂತ್ಳು.

ಬಾವಿಗೆ ಇಳದೆ. ನೀರಿಗೆ ತಾಗಿದ ಮೆಟ್ಟಲಾ ಪಾಚಿ ಕಟ್ಟಿ ಜಾರತಿತ್ತು. ಚಮಚಾದಿಂದ ಕೆರದು ಸಣ್ಣ ಡಬ್ಬಿದಾಗ ತುಂಬಿಕೊಂಡೆ. ನೀರಡಿಕಿ ಆಗಿತ್ತು, ಆ ನೀರು ಕುಡಿಯಾಕ ಆಗಲಿಲ್ಲ.

ಅಕ್ಟೋಬರ್ ೨೮, ಸೋಮವಾರ

ಸವತಿಬೀಜ. ಕಣ್ಣ ಹಾಯಿಸಿದಲ್ಲೆಲ್ಲಾ ಸವತಿಬೀಜ.

ನವೆಂಬರ್ ೧೦, ರವಿವಾರ

ಅರಕೇರಿಗೆ ಹೋಗಿದ್ದೆ. ಮನಿಯವರಿಗೆ ಹೇಳಲಿಲ್ಲ. ಹನ್ನೊಂದು ವರ್ಷದಾಗ ಪರಸವ್ವನ ಮನಿ ಎಲ್ಲೈತಿ ಅಂತ ಗೊತ್ತಿರಲಿಲ್ಲ, ಮೂರ ಮಂದಿಗೆ ಕೇಳಿ ಮುಟ್ಟಿದೆ.

ಬಾಗಲಾ ತೆಗದಾಕಿ ಮಗಳು ವಿಶಾಖಾ, ಪೋಸ್ಟ್ ಆಫೀಸಿನಾಗ ನೌಕರಿ ಮಾಡತಾಳಂತ. ನನ್ನ ಹೆಸರ ಕೇಳಿ, "ಓ, ನೀವೇನ್ರಿ ಅವರು" ಅಂದು ಸರದ ನಿಂತ್ಳು. ಗ್ವಾಡಿಗೆ ಬುದ್ಧನ ಪಟ, ಮ್ಯಾಲೆ ಹೂವಿನ ಸರ. ನೆಲಾ ಎಷ್ಟ ಸ್ವಚ್ಛ ಇತ್ತಂದ್ರ ಚಪ್ಪಲಿ ಬಿಟ್ಟಿದ್ರೂ ನನ್ನ ಕಾಲಿಗೆ ನಾಚಿಕಿ ಬಂತು. ಕುರ್ಚಿ ಹಾಕಿದ್ರು. ಪರಸವ್ವ ಒಳಗಿಂದ ಬಂದು ಎದುರಿಗೆ ಕುಂತ್ರು.

ನಮ್ಮ ಕಡೆ ಬಂದವರಿಗೆ ಮೊದಲ ತಂಬಿಗಿ ನೀರು, ಆಮ್ಯಾಲ ಮಾತು. ಆಗದವರು ಬಂದ್ರೂ ನೀರು ಕೊಡತಾರ. ನಾ ಅಡಗಿ ಮನಿ ಕಡೆ ನೋಡಿದೆ. ಯಾರೂ ಏಳಲಿಲ್ಲ. ಪರಸವ್ವ ನಾ ನೋಡಿದ್ದು ನೋಡಿದ್ರು.

"ನೀರು ಕೊಡಬೇಕಾಗಿತ್ತು. ಕೊಡಂಗಿಲ್ರಿ" ಅಂದ್ರು. "ನಾಳೆ ಅದರಾಗ ಏನರ ಸಿಕ್ರ?"

ನೆಲದಾಗ ಇಳದು ಹೋದ್ರ ಚಲೋ ಇತ್ತು ಅನಿಸಿತು. ಹೇಳಿದೆ. ಮುಚ್ಚಳಾ ಸಡ್ಲ ಬಿಟ್ಟಿದ್ದು, ಕ್ಯಾನ್ ಎತ್ತಿ ಹಾಕಿದ್ದು, ಸರ್ ಮುಂದ ಸುಳ್ಳಾಡಿದ್ದು, ಎಲ್ಲಾ. ಪರಸವ್ವ ಅಚ್ಚರಿ ಪಡಲಿಲ್ಲ.

"ಗೊತ್ತೈತ್ರಿ. ಡಿಸ್ಟಿಲ್ಡ್ ಕ್ಯಾನು ಬರಿದಿತ್ತು, ಲ್ಯಾಬಿನಾಗ ಇದ್ದ ನೀರು ನಿಮ್ಮ ಕ್ಯಾನಿಂದೊಂದ. ಆ ಕ್ಯಾನು ನಾ ಹನ್ನೊಂದ ವರ್ಷದಾಗ ಒಮ್ಮಿನೂ ಮುಟ್ಟಿಲ್ಲ. ಕೆಲಸಕ್ಕ ಸೇರಿದ ಮೊದಲನೇ ವಾರ ನೀವ ಹೇಳಿದ್ರಿ, 'ಇದು ನನ್ನ ಕುಡಿಯೋ ನೀರು, ಇದಕ್ಕ ಕೈ ಹಚ್ಚಬ್ಯಾಡ' ಅಂತ. ಅವತ್ತಿಂದ ಮೇಜ ಒರಸೂವಾಗೂ ಅದನ್ನ ಬಿಟ್ಟು ಸುತ್ತ ಒರಸೇನಿ."

ಕ್ಯಾನಿನ ಕೆಳಗಿನ ದುಂಡ ಧೂಳು. ಅದಕ್ಕ ನಾ ಎಷ್ಟ ಸಲ ಬೈದೇನಿ. ಎತ್ತಿ ಒರಸಾಕ ಏನಾಗೈತಿ ನಿನಗ ಅಂತ ಬೈದೇನಿ. ಅವರು ತಲಿ ತಗ್ಗಿಸಿ ನಿಂತಿರತಿದ್ರು.

"ಅವತ್ತ ಸರ್ ಮುಂದ ಇದನ್ನ ಯಾಕ ಹೇಳಲಿಲ್ರಿ?" ಅಂದೆ.

"ಯಾರಿಗೆ ಹೇಳ್ಲಿ? ಅಲ್ಲಿ ಗೊತ್ತಿದ್ದಾವ್ರು ನೀವೊಬ್ರ ಇದ್ರಿ. ನಿಮ್ಮ ಮಾರಿ ನೋಡಿದೆ. ನೀವು ಕ್ಯಾಲೆಂಡರ್ ನೋಡಾಕತ್ತಿದ್ರಿ."

"ನಂದ ತಪ್ಪಾತ್ರಿ, ಪರಸವ್ವ."

"ಇಲ್ಲಿ ಅನ್ನಬ್ಯಾಡ್ರಿ" ಅಂದ್ರು, ಎದ್ದು ನಿಂತು. "ಇಲ್ಲಿ ಕೇಳೋರು ನಾವಿಬ್ರ, ನಮಗ ಮೊದಲ ಗೊತ್ತೈತಿ. ಎಲ್ಲಿ ಅಂದಿರೋ ಅಲ್ಲೇ ಅನ್ರಿ."

ಬಸ್ ಸಿಗೂತನಕ ಒಂದ ತಾಸ ಬಿಸಿಲಾಗ ನಿಂತೆ. ಗಂಟಲಾ ಒಣಗಿ ಹೋಗಿತ್ತು. ಪಕ್ಕದಾಗ ನೀರಿನ ಬಾಟ್ಲಿ ಮಾರೋ ಅಂಗಡಿ ಇತ್ತು. ಕೊಳ್ಳಲಿಲ್ಲ.

ನವೆಂಬರ್ ೧೨, ಮಂಗಳವಾರ

ಆಫೀಸಿನ ಬಾಗಲಾತನಕ ಹೋದೆ. ಸರ್ ಫೋನಿನಾಗಿದ್ರು. ವಾಪಸ ಬಂದೆ.

ನವೆಂಬರ್ ೧೩, ಬುಧವಾರ

ಹೇಳಲಿಲ್ಲ.

ನವೆಂಬರ್ ೧೫, ಶುಕ್ರವಾರ

ತಲಿಶೂಲಿ ಅಂತ ರಜಾ ಹಾಕಿದೆ. ತಲಿ ಏನೂ ನೋಯಾಕತ್ತಿಲ್ಲ.

ನವೆಂಬರ್ ೧೬, ಶನಿವಾರ

ತಿಂಗಳ ಸಿಬ್ಬಂದಿ ಸಭಾ. ಇಪ್ಪತ್ತಾರು ಮಂದಿ. ಪರೀಕ್ಷಾ, ಹಾಜರಿ, ಪಾರ್ಕಿಂಗ್, ಎಲ್ಲಾ ಮುಗದು ಚಾ ಬರೂ ಹೊತ್ತಿಗೆ ಎದ್ದು ನಿಂತೆ. ಏನ್ ಮಾತಾಡಬೇಕಂತ ರಾತ್ರಿ ಬರದಿಟ್ಟಿದ್ದೆ, ಆ ಹಾಳಿ ತೆಗೀಲಿಲ್ಲ. ಚೀಲದಾಗಿಂದ ಈ ಡೈರಿ ತೆಗದೆ. ಪಿನ್ ಉಗುರಿನಿಂದ ಎಬ್ಬಿಸೂವಾಗ ಬೆರಳಿಗೆ ಚುಚ್ಚಿ ರಕ್ತ ಬಂತು. ಮೇ ೨೩ರ ಪುಟ ಓದಿದೆ. ಎಲ್ಲಾ ಓದಿದೆ. "ಏನ್ ಮಹಾ ಆಗತೈತಿ" ಓದಿದೆ. "ಮೈಗಳ್ಳಿ ಪರಸವ್ವ" ಅಂತ ಬಂತು, ಅದನ್ನೂ ಓದಿದೆ.

"ಅವತ್ತ ಪರಸವ್ವಾರು ಸೂಟಿ ಮ್ಯಾಲಿದ್ರು. ನೀರು ಹಾಕಿದಾಕಿ ನಾನು. ಅವರ ಮ್ಯಾಲೆ ಹಾಕಿದಾಕಿನೂ ನಾನು. ಹೊಲಸ ನೀರು ಅಂದೆ, ಅದು ನನ್ನ ತವರುಮನಿ ಬಾವಿ ನೀರು" ಅಂದೆ.

ಬಸಲಿಂಗಯ್ಯ ಸರ್ ಕನ್ನಡಕ ತೆಗದು ಒರಸಿಕೊಂಡ್ರು. "ಮುಗದ ಮಾತು ಮೇಡಂ, ಈಗ್ಯಾಕ ಕೆದರತೀರಿ. ಕುಂಡ್ರಿ, ಕುಂಡ್ರಿ" ಅಂದ್ರು.

"ಅವರ ಸಂಡಾಸದ ಕೆಲಸಾ ಇನ್ನೂ ಮುಗದಿಲ್ರಿ ಸರ್" ಅಂದೆ. ಕುಂಡ್ರಲಿಲ್ಲ. ಕುರ್ಚಿ ಬೆನ್ನು ಹಿಡಕೊಂಡ ನಿಂತೆ. ಕಡಿಗೆ ಸರ್, ಮಂಗಳವಾರದಿಂದ ಅಕಿನ್ನ ಲ್ಯಾಬಿಗೆ ಹಾಕತೇನಿ ಅಂದ್ರು. ಬರದ ಕೊಡ್ರಿ ಅಂದೆ. ಬರದ ಕೊಟ್ರು.

ಹೊರಗ ಬಂದಾಗ ಒಬ್ಬಾಕಿ ಗೆಳತಿ ಕಿವ್ಯಾಗ, "ಇಷ್ಟೆಲ್ಲಾ ಬೇಕಿತ್ತೇನ ಅನು, ಮಾನಾ ಕಳಕೊಂಡಿ" ಅಂದ್ಳು. ಚಾ ಆರಿ ಹೋಗಿತ್ತು, ಕುಡದೆ.

ಮುಬೀನ ಮೇಡಂಗ ಬರದೆ. ಬಬಲೇಶ್ವರದ ಸಾಲಿಗೂ ಒಂದ ಕಾಗದ ಹಾಕಿದೆ: ನಾ ಧ್ರುವಕ್ಕ ಹೋಗಿಲ್ಲ, ಎರಡ ಜಡಿ ಹುಡುಗಿಗೆ ದಯವಿಟ್ಟು ಹೇಳ್ರಿ.

ನವೆಂಬರ್ ೨೨, ಶುಕ್ರವಾರ

ಮುಬೀನ ಮೇಡಂ ಉತ್ತರ, ಎರಡ ಸಾಲು. ಎಲ್ಲಾ ಬಾಟ್ಲಿ ವಾಪಸ ಕಳಿಸಬೇಕು. ನನ್ನ ಯಾವ ಎಣಿಕಿನೂ ಲೆಕ್ಕಕ್ಕ ಹಿಡಿಯಂಗಿಲ್ಲ, ಸರಿ ಇದ್ದ ಇಪ್ಪತ್ತೂ. ಸರಿನ ಐತಿ.

ಆದ್ರೂ ಬಾಚಣಿಕಿಯವು, ಕಿರೀಟದವು ಇನ್ನ ಕಾಣಾಂಗಿಲ್ಲ ಅಂದ್ರ ಎದಿಯಾಗ ಒಂದ ನಮೂನಿ ಆಗತೈತಿ.

ನವೆಂಬರ್ ೩೦, ಶನಿವಾರ

ಇವತ್ತ ಪೆಟಗಿ ಕಟ್ಟಿದ್ವಿ. ಪರಸವ್ವ ಲ್ಯಾಬಿಗೆ ಬಂದು ಎರಡ ವಾರ ಆಗಾಕ ಬಂತು. ಕೆಲಸದ ಮಾತು ಬಿಟ್ಟು ಬ್ಯಾರೆ ಮಾತಿಲ್ಲ. ಒಂದೊಂದ ಬಾಟ್ಲಿ ಎತ್ತಿ, ಬುಡಮೇಲು ಹಿಡದು, ಅರಿವಿಲೆ ಒತ್ತಿ, ಪಸಿ ಐತೇನಂತ ನೋಡಿ ಥರ್ಮಾಕೋಲಿನಾಗ ಇಳಸಾಕತ್ತಿದ್ರು. ಹನ್ನೆರಡನೇದು ನನ್ನ ಮುಂದ ಹಿಡದ್ರು.

"ಇದರ ಮುಚ್ಚಳಾ ನೀವ ಹಾಕಿದ್ದೇನ್ರಿ?"

"ಹೂಂ."

"ಇನ್ನೂ ಸಡ್ಲ ಐತಿ" ಅಂದು ತಾವ ತಿರುವಿದ್ರು. ಮೊದಲಿಂದ ಅವರ ಕೈಯಾಗ ಕೊಟ್ಟಿದ್ರ ಇದ್ಯಾವುದೂ ಆಗತಿದ್ದಿಲ್ಲ.

ಇಪ್ಪತ್ನಾಕೂ ಒಳಗ ಹೋದ್ವು. ಟೇಪ್ ಹಚ್ಚಿ, ಕೈ ತೊಳಕೊಂಡು, ಸೂಕ್ಷ್ಮದರ್ಶಕದ ಮ್ಯಾಲೆ ಅರಿವಿ ಹೊಚ್ಚಾಕ ಹೋದವರು ಅಲ್ಲೇ ನಿಂತ್ರು. "ಮೇಡಂರಿ, ನನ್ನ ಹೆಸರ ಮ್ಯಾಲೆ ಬಂದ ಆ ಜೀವ ನಾ ಒಮ್ಮಿನೂ ನೋಡಿಲ್ರಿ. ತೋರಸ್ರಿ" ಅಂದ್ರು.

ತಿಕೋಟಾದ ಡಬ್ಬಿ ಇನ್ನೂ ಕಪಾಟಿನಾಗ ಇತ್ತು. ಒಂದ ಹನಿ ಗಾಜಿನ ಮ್ಯಾಲೆ ಹಾಕಿ ಸರಿ ಮಾಡಿ ಕೊಟ್ಟೆ. ಮೊದಲ ಎರಡೂ ಕಣ್ಣ ಮುಚ್ಚಿಕೊಂಡ್ರು. ಒಂದ ಕಣ್ಣ ತೆಗೀರಿ ಅಂದೆ. ಭಾಳ ಹೊತ್ತ ನೋಡಿದ್ರು. ತಿರುಗಣಿ ತಾವ ಮೆಲ್ಲಕ ಆ ಕಡೆ ಈ ಕಡೆ ತಿರುವಿ ನೋಡಿದ್ರು. ಹನ್ನೊಂದ ವರ್ಷ ಅದನ್ನ ಒರಸಿ ಇಟ್ಟವರು, ಇವತ್ತ ಮೊದಲನೇ ಸಲ ಒಳಗ ನೋಡಾಕತ್ತಿದ್ರು.

"ಯವ್ವಾ, ಗೆರಿ ನೋಡ್ರಿ ಇದರದ" ಅಂದ್ರು. "ಇಷ್ಟ ಚಂದ ಐತಲ್ರಿ."

ಕಣ್ಣ ಎತ್ತಿ ನನ್ನ ನೋಡಿದ್ರು. "ಇದಕ್ಕ ಹೊಲಸ ಅಂದಿದ್ರಿ?"

"ಅಂದಿದ್ದೆ."

ಏನರ ಮಾಡಬೇಕಂತ ಮೇಜಿಗೆ ಹೋಗಿ, ತಿಕೋಟಾದ ಕ್ಯಾನಿನಿಂದ ಲೋಟಕ್ಕ ನೀರು ಬಗ್ಗಿಸಿ, ಎರಡೂ ಕೈಲೆ ಹಿಡದು ಅವರ ಮುಂದ ನಿಂತೆ. "ಕುಡೀರಿ" ಅಂದೆ.

ಪರಸವ್ವ ಲೋಟಾ ನೋಡಿದ್ರು, ನನ್ನ ನೋಡಿದ್ರು. ಬೈತಾರ ಅನಿಸಿತು, ಬೈದಿದ್ರ ಹಗುರ ಆಗತಿತ್ತು.

"ಬ್ಯಾಡ್ರಿ. ನನ್ನ ಬಾಟ್ಲಿ ಐತಿ" ಅಂದ್ರು. ಕಿಡಕಿ ಹತ್ರ ಹೋಗಿ, ಚೀಲದಾಗಿಂದ ತಮ್ಮ ಬಾಟ್ಲಿ ತೆಗದು, ತಲಿ ಎತ್ತಿ ಕುಡದ್ರು. ನಾ ಲೋಟಾ ಹಿಡಕೊಂಡು ನಿಂತೇ ಇದ್ದೆ. ಅವರು ಮುಚ್ಚಳಾ ಬಿಗಿಯಾಗಿ ಹಾಕಿ, ಅರಿವಿ ತಗೊಂಡು ಬಂದ್ರು. ಮೇಜು ಒರಸಿದ್ರು. ಕ್ಯಾನು ಬಿಟ್ಟು, ಸುತ್ತ ಒರಸಿದ್ರು.